ಕುತ್ತಿಗೆಯೊಳಗಿನ ನೀಲಿ ದಾರಿ

ಮತ್ತೋಡಿನ ಕುರಿಗಾಹಿ ಬೀರಪ್ಪನ ಮಗಳು ಉಚ್ಚಂಗಮ್ಮನಿಗೆ ಹುಟ್ಟಿದಾಗಿನಿಂದ ಕುತ್ತಿಗೆಯ ಬಲಬದಿಯಲ್ಲಿ ಸೂಜಿ ಚುಚ್ಚಿದಷ್ಟು ಸಣ್ಣ ತೂತು. ಅದರಿಂದ ಸದಾ ಲೋಳೆ ಜಿನುಗುತ್ತಿತ್ತು. ಬಸುರಿಯಾಗಿದ್ದಾಗ ಗ್ರಹಣದ ಹೊತ್ತು ಸೂಜಿ ಹಿಡಿದದ್ದೇ ತಪ್ಪಾಯಿತೆಂದು ತಾಯಿ ಬೊಮ್ಮಕ್ಕ ಕೊರಗುತ್ತಿದ್ದಳು. ಚಿಕ್ಕಂದಿನಲ್ಲಿ ಬೀರಪ್ಪ ಕಬ್ಬಿಣ ಕಾಸಿ ಬರೆ ಎಳೆಸಿದ. ತೂತು ಮುಚ್ಚಿದಂತೆ ಮಾಡಿ, ಊದಿ, ಮತ್ತೆ ಒಡೆಯಿತು.

ಎಪ್ಪತ್ನಾಲ್ಕನೇ ಇಸವಿಯಲ್ಲಿ ಕೀವು ಕಟ್ಟಿ ಜ್ವರ ಏರಿದಾಗ ಅಪ್ಪ ಮಗಳು ಹೊಳಲ್ಕೆರೆ ಮೇಲಿನ ಬಸ್ಸು ಹತ್ತಿ ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಬಂದರು. ಸರ್ಜನ್ ಮರುಳಸಿದ್ದಪ್ಪನವರು ಮೊದಲು ಕೀವು ಇಳಿಸಿ ಕಳಿಸಿದರು. ಗಾಯ ಪೂರ್ತಿ ಆರಿದ ಮೇಲೆ ಮತ್ತೆ ಕರೆಸಿ, ತೆಳ್ಳನೆ ಕೊಳವೆಯಿಂದ ತೂತಿನೊಳಗೆ ನೀಲಿ ಬಣ್ಣ ಬಿಟ್ಟರು.

"ಈಗ ಉಗುಳಮ್ಮ."

ಬಿಳಿ ಪಿಂಗಾಣಿ ಬಟ್ಟಲಿಗೆ ಬಿದ್ದ ಎಂಜಲು ನೀಲಿಯಾಗಿತ್ತು. ಉಚ್ಚಂಗಮ್ಮ ಅದನ್ನೇ ನೋಡುತ್ತ ಕುಳಿತಳು. ತನ್ನ ಮೈಯೊಳಗೇ ಇಂಥದೊಂದು ದಾರಿ ಇಷ್ಟು ವರ್ಷ ಇತ್ತೆ?

"ತಾಯಿ ಹೊಟ್ಟೇಲಿದ್ದಾಗ ಎಲ್ಲರ ಕುತ್ತಿಗೇಲೂ ಮೀನಿನ ಕಿವಿರಿನಂಥ ಮಡಿಕೆಗಳು ಇರ್ತವೆ. ಆಮೇಲೆ ಮುಚ್ಚಿ ಹೋಗ್ತವೆ. ನಿನಗೆ ಒಂದು ಉಳಕೊಂಡೈತೆ, ಅಷ್ಟೇ. ಗ್ರಹಣ ಏನೂ ಮಾಡಿಲ್ಲ," ಎಂದರು ಡಾಕ್ಟರು.

"ನಿಮಗೂ ಇತ್ತಾ ಸ್ವಾಮಿ?"

"ನನಗೂ ಇತ್ತು. ನಿಮ್ಮಪ್ಪನಿಗೂ ಇತ್ತು."

ಬೀರಪ್ಪನ ಕೈ ತಾನಾಗಿ ಕುತ್ತಿಗೆಗೆ ಹೋಯಿತು.

ಹೀಗೇ ಬಿಟ್ಟರೆ ಮತ್ತೆ ಕೀವಾಗುತ್ತದೆ, ತೂತಿನ ಬಾಯಿ ಮಾತ್ರ ಹೊಲಿದರೆ ಒಳಗೇ ಕಟ್ಟಿಕೊಂಡು ಒಡೆಯುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಟಾನ್ಸಿಲ್‌ವರೆಗೆ ಹೋಗಿರುವ ನಾಳವನ್ನು ಇಡಿಯಾಗಿ ತೆಗೆಯಬೇಕು. ಅದಕ್ಕೆ ಉದ್ದಕ್ಕೆ ಕೊಯ್ಯಬೇಕಿಲ್ಲ. ಮೆಟ್ಟಿಲಿನ ಹಾಗೆ ಕೆಳಗೊಂದು, ಮೇಲೊಂದು ಸಣ್ಣ ಗಾಯ ಮಾಡಿದರೆ ಸಾಕು. ಆದರೆ ನಾಳ ಎರಡು ದೊಡ್ಡ ರಕ್ತನಾಳಗಳ ಸಂದಿಯಲ್ಲಿ ನುಸುಳಿದೆ.

"ಅಲ್ಲಿಗೆ ಚಾಕು ತಗುಲಿದ್ರೆ?" ಬೀರಪ್ಪ ಕೇಳಿದ.

"ಭಯ ಇಲ್ಲ ಅಂತ ಹೇಳಲ್ಲ ಕಣಪ್ಪ. ತಗುಲದಂಗೆ ನೋಡ್ಕೊಳ್ಳೋದೇ ನನ್ನ ಕೆಲಸ."

ಬೀರಪ್ಪ ಮಗಳ ಮುಖ ನೋಡಿದ. ಅವಳು ಬಟ್ಟಲಿನಿಂದ ಕಣ್ಣೆತ್ತಿದಳು. "ಮಾಡ್ರಿ ಸ್ವಾಮಿ."

ಆಪರೇಷನ್ ಮುಗಿದು ಎಚ್ಚರವಾದಾಗ ಅವಳ ಗಂಟಲು ಉರಿಯುತ್ತಿತ್ತು. ಡಾಕ್ಟರು ಒಂದು ಸೀಸೆ ಹಿಡಿದು ತೋರಿಸಿದರು. ಅದರೊಳಗೆ ಬೆರಳುದ್ದದ, ಎಳೆ ಬಳ್ಳಿಯಂಥ ನಾಳ, ಒಳಗೆಲ್ಲ ನೀಲಿ. ಅದು ತನ್ನದೇ ಎಂದು ನಂಬಲು ಉಚ್ಚಂಗಮ್ಮನಿಗೆ ತುಸು ಹೊತ್ತು ಬೇಕಾಯಿತು. ಡಾಕ್ಟರ ಬೆರಳುಗಳು ಅವಳ ಅಪ್ಪನ ಬೆರಳುಗಳಷ್ಟೇ ದಪ್ಪಗಿದ್ದವು. ಆ ಬೆರಳು ಅಂಥ ಸಂದಿಯೊಳಗೆ ಹೋಗಿ ಬಂದದ್ದು ಹೇಗೆ?

"ಅಪ್ಪಾ," ಎಂದಳು. ದನಿ ಸಣ್ಣಗೆ ಹೊರಟಿತು.

ಬೀರಪ್ಪ ಮಂಚದ ಕಂಬಿ ಹಿಡಿದುಕೊಂಡ. "ಎಷ್ಟೋ ಕುರಿ ಕೊಯ್ದೀನಿ ಸ್ವಾಮಿ," ಎಂದ ಡಾಕ್ಟರಿಗೆ, ಬಹಳ ಮೆಲ್ಲಗೆ. "ಕತ್ತಿ ಆಡಿದ ಕುತ್ತಿಗೆ ತಿರುಗಿ ಮಾತಾಡಿದ್ದು ನಾ ಕಂಡಿರ್ಲಿಲ್ಲ."

ಡಾಕ್ಟರು ನಕ್ಕು, ಅವಳಿಗೆ ಒಂದೊಂದೇ ಚಮಚ ನೀರು ಕುಡಿಸಲು ಹೇಳಿ, ಪಕ್ಕದ ಮಂಚದತ್ತ ನಡೆದರು.