ಶಾಖ ಕೊಡುತ್ತಿದ್ದ ಅತ್ತೆ

ನನ್ನ ಸೋದರತ್ತೆ ಯಾವುದರ ಬಿಸಿಯನ್ನೂ ಬೆರಳಿನಿಂದ ನೋಡಿದವಳಲ್ಲ. ಸ್ನಾನದ ನೀರಾಗಲಿ, ಹಾಲಿನ ಲೋಟವಾಗಲಿ, ಜ್ವರ ಬಂದ ಮಗುವಿನ ಹಣೆಯಾಗಲಿ, ಎಡ ಮಣಿಕಟ್ಟಿನ ಒಳಮೈಯನ್ನು ಒಮ್ಮೆ ತಾಗಿಸಿ, ಕಣ್ಣು ಅರೆಮುಚ್ಚಿ, ನ್ಯಾಯಾಧೀಶರ ಗಾಂಭೀರ್ಯದಿಂದ ತೀರ್ಪು ಕೊಡುತ್ತಿದ್ದಳು. ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಮೂವತ್ತು ವರ್ಷ ಇಸ್ತ್ರಿ ಹಾಕಿ ಅವಳ ಬೆರಳತುದಿಗಳು ಮರಗಟ್ಟಿದ್ದವು. ಕುದಿಯುವ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದಾಗ ನಾವು ಹೌಹಾರಿದರೆ, "ಈ ಕೈಗೆ ಏನೂ ಗೊತ್ತಾಗಲ್ಲ ಬಿಡ್ರೇ" ಎಂದು ನಗುತ್ತಿದ್ದಳು. ಲಾಂಡ್ರಿಯವರಿಗೆ ಅವಳು ಇಸ್ತ್ರಿಯಕ್ಕ, ನಮಗೆ ಇಸ್ತ್ರಿಯತ್ತೆ.

ದಿನವಿಡೀ ಮೇಜಿನ ಮುಂದೆ ಬಲಗಾಲಿನ ಮೇಲೆ ಭಾರ ಹಾಕಿ ನಿಂತದ್ದರಿಂದ ನಡಿಗೆ ಒಂದು ಕಡೆಗೆ ವಾಲಿತ್ತು. ಮೈಮೇಲೆ ಸದಾ ಬೂದುಬಣ್ಣದ ಕೆಲಸದ ಕೋಟು. ಅದರ ಜೇಬಿನಲ್ಲಿ ನಾಲ್ಕು ಮಡಿಕೆಯ ಫ್ಲಾನೆಲ್ ಬಟ್ಟೆ. ಆ ಬಟ್ಟೆಯೇ ಅವಳ ಕೀರ್ತಿಯ ಮೂಲ. ಸಾಲಾಗಿ ನಿಂತ ಹನ್ನೆರಡು ಹೆಂಗಸರಲ್ಲಿ ಯಾರಾದರೊಬ್ಬಳು ಮುಟ್ಟಿನ ನೋವಿಗೆ ತುಟಿ ಕಚ್ಚಿದ್ದು ಕಂಡರೆ ಸಾಕು, ಅತ್ತೆ ಫ್ಲಾನೆಲನ್ನು ಇಸ್ತ್ರಿಯ ಕೆಳಗೆ ಎರಡು ಸಲ ಎಳೆದು, ಮಣಿಕಟ್ಟಿಗೆ ತಾಗಿಸಿ, ಮೇಜಿನಡಿಯಿಂದ ಸಾಗಿಸುತ್ತಿದ್ದಳು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವಳು ನಿಟ್ಟುಸಿರು ಬಿಟ್ಟು ಮತ್ತೆ ಹೊದಿಕೆ ಮಡಚಲು ತೊಡಗುತ್ತಿದ್ದಳು. ಕೂರಲು ಅಲ್ಲಿ ಯಾರಿಗೂ ಅನುಮತಿಯಿರಲಿಲ್ಲ. ಹೊಸದಾಗಿ ಬಂದ ಮೇಲ್ವಿಚಾರಕನೊಬ್ಬ, ಈ ಹೆಂಗಸರ ಹೊಟ್ಟೆ ಬೆಳಗ್ಗೆ ಒಂದು ಬಗೆ, ಮಧ್ಯಾಹ್ನ ಒಂದು ಬಗೆ ಕಾಣುತ್ತದಲ್ಲ ಎಂದು ತಲೆ ಕೆಡಿಸಿಕೊಂಡನಂತೆ. ಕಡೆಗೊಂದು ದಿನ ಅವನಿಗೇ ಹೊಟ್ಟೆನೋವು ಬಂದು, ಮುಖ ಹಿಂಡಿಕೊಂಡು ಇವಳ ಮೇಜಿನ ಬಳಿ ನಿಂತಾಗ ಅತ್ತೆ, "ನಿಮ್ಮದು ಊಟ ಜಾಸ್ತಿಯಾದ ನೋವು ಸ್ವಾಮಿ, ಇದಕ್ಕೆಲ್ಲ ಬಗ್ಗಲ್ಲ" ಎಂದಳಂತೆ. ಹೇಳಿಯೂ ಬಟ್ಟೆ ಕಾಯಿಸಿ ಕೊಟ್ಟಳು. ಕೇಳಿದವರಿಗೆ ಇಲ್ಲವೆನ್ನುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

ನನಗೂ ಕೊಟ್ಟಿದ್ದಾಳೆ. ಹದಿನಾಲ್ಕರ ವಯಸ್ಸಿನಲ್ಲಿ, ಅಮ್ಮ ಊರಲ್ಲಿಲ್ಲದ ದಿನ, ಗುಂಡಗೆ ಮುದುರಿ ಬಿದ್ದಿದ್ದ ನನ್ನನ್ನು ಎಬ್ಬಿಸಿ ಶುಂಠಿ ಜಜ್ಜಿ ಕುದಿಸಿದ ನೀರು ಕುಡಿಸಿದಳು. ಮಗ್ಗುಲಾಗಿ ಮಲಗಿಸಿ ಮೊಣಕಾಲನ್ನು ಎದೆಗೆ ತಂದಳು. ಕಿಬ್ಬೊಟ್ಟೆಗೆ ಶಾಖ ಕೊಡುತ್ತಲೇ ಇನ್ನೊಂದು ಕೈಯ ಹಿಮ್ಮಡಿಯಂಥ ಗಟ್ಟಿ ಅಂಗೈಯಿಂದ ನಡುವನ್ನು ನೀವಿದಳು. "ಆಯ್ತು, ಇನ್ನು ಹೋಗುತ್ತೆ" ಎಂಬುದು ಅವಳ ಪಲ್ಲವಿ. ನೋವು ಹೋಯಿತು. ಅರ್ಧ ಗಂಟೆಯಲ್ಲಿ ಎದ್ದು ಆಡಲು ಓಡಿದೆ. ಅಂದಿನಿಂದ ಅತ್ತೆಯ ಕೈಗುಣದಲ್ಲಿ ನನಗೆ ಅಪಾರ ನಂಬಿಕೆ, ಮತ್ತು ಮುಂದೆ ನಾನು ಬಾಯಿ ಮುಚ್ಚಿಕೊಂಡು ಕೂತದ್ದಕ್ಕೆ ಆ ನಂಬಿಕೆಯೂ ಒಂದು ಕಾರಣ.

ಅತ್ತೆಗೆ ಒಬ್ಬಳೇ ಮಗಳು. ಮನೆಯಲ್ಲಿ ಎಲ್ಲರಿಗೂ ಪುಟ್ಟಿ. ಮಾವ ಅವಳು ಚಿಕ್ಕವಳಿರುವಾಗಲೇ ತೀರಿಕೊಂಡಿದ್ದ. ತಾಯಿ ಮಗಳು ಎರಡು ಕೋಣೆಯ ಮನೆಯಲ್ಲಿ ಒಬ್ಬರಿಗೊಬ್ಬರಾಗಿ ಬದುಕಿದ್ದರು. ಹದಿಮೂರಕ್ಕೆ ದೊಡ್ಡವಳಾದ ಪುಟ್ಟಿಗೆ ಮೊದಲ ತಿಂಗಳಿಂದಲೇ ವಿಪರೀತ ನೋವು. ಅತ್ತೆ ಬೆಳಗ್ಗೆ ಆರೂವರೆಯ ಪಾಳಿಗೆ ಹೊರಡುವ ಮೊದಲು ಶಾಖ ಕೊಡುವಳು, ಶುಂಠಿನೀರು ಕುಡಿಸುವಳು, ಕೋಟು ತೊಟ್ಟು ಬಾಗಿಲಲ್ಲಿ ನಿಂತು, "ಹೋಯ್ತಾ?" ಎಂದು ಕೇಳುವಳು. "ಹೋಯ್ತಮ್ಮ" ಎನ್ನುವಳು ಪುಟ್ಟಿ. ಎರಡು ದಿನದ ನೋವು ನಾಲ್ಕಾಯಿತು, ವಾರವಾಯಿತು, ಮುಟ್ಟಿಲ್ಲದ ದಿನಗಳಿಗೂ ಹಬ್ಬಿತು. ಅತ್ತೆ ಫ್ಲಾನೆಲಿನ ಒಂದು ಮಡಿಕೆ ಕಡಿಮೆ ಮಾಡಿದಳು, ಬಿಸಿ ಚೆನ್ನಾಗಿ ನಾಟಲೆಂದು. ಮುಂದೆ ಇನ್ನೊಂದು ಮಡಿಕೆಯೂ ಹೋಯಿತು.

ನಾನೊಮ್ಮೆ, "ಅತ್ತೆ, ಡಾಕ್ಟರಿಗೆ ತೋರಿಸೋಣ" ಎಂದದ್ದುಂಟು.

"ಇದಕ್ಕೂ ಡಾಕ್ಟರಾ? ನಿಮ್ಮಜ್ಜಿಗಿತ್ತು, ನನಗಿತ್ತು, ನಿನಗೆ ಬರಲಿಲ್ವಾ? ಶಾಖ ಕೊಟ್ಟರೆ ಹೋಗುತ್ತೆ. ಅವಳನ್ನೇ ಕೇಳು ಬೇಕಾದರೆ."

ಕೇಳಿದೆ. ಪುಟ್ಟಿ ತಾಯಿಯ ಮುಖ ನೋಡಿ, "ಹೋಗುತ್ತೆ ಅಕ್ಕ" ಎಂದಳು. ನಾನು ಇನ್ನೊಂದು ಮಾತಾಡಲಿಲ್ಲ.

ಇಪ್ಪತ್ತಾರರ ವಯಸ್ಸಿನಲ್ಲಿ, ತಾನು ಕೆಲಸಕ್ಕಿದ್ದ ಕನ್ನಡಕದ ಅಂಗಡಿಯಲ್ಲಿ, ಗಿರಾಕಿಯ ಮೂಗಿನ ಮೇಲೆ ಚೌಕಟ್ಟು ಕೂರಿಸುತ್ತ ಪುಟ್ಟಿ ಕುಸಿದುಬಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಳ ಅಂಗಿ ಸರಿಸಿದಾಗ ನಾನೂ ಅಲ್ಲಿದ್ದೆ. ಕಿಬ್ಬೊಟ್ಟೆಯ ತುಂಬ ಕಂದುಬಣ್ಣದ ಗೆರೆಗಳು, ಮೀನಿನ ಬಲೆಯನ್ನು ಚರ್ಮದ ಮೇಲೆ ಹಾಸಿದಂತೆ. ದಿನವೂ ಬಿಸಿ ತಾಗಿದರೆ ಹೀಗಾಗುತ್ತದಂತೆ. "ಎಷ್ಟು ವರ್ಷದಿಂದ ಶಾಖ ಕೊಡ್ತಿದ್ದೀರಿ?" ಎಂದು ಅವರು ಕೇಳಿದರು. ಗದರಿಸಲಿಲ್ಲ. ಗದರಿಸಿದ್ದರೆ ಅತ್ತೆಗೆ ಹಗುರವಾಗುತ್ತಿತ್ತೇನೋ. "ಹದಿಮೂರು" ಎಂದಳು ಅತ್ತೆ.

ಗರ್ಭಕೋಶದೊಳಗೆ ಬೆಳೆಯಬೇಕಾದ ಪದರ ಹೊರಗೆಲ್ಲ ಬೆಳೆದು, ಕರುಳಿಗೂ ಅಂಡಾಶಯಕ್ಕೂ ಅಂಟಿಕೊಂಡಿತ್ತು. ಶಸ್ತ್ರಚಿಕಿತ್ಸೆಯಲ್ಲಿ ಒಂದು ಅಂಡಾಶಯವನ್ನು ತೆಗೆದರು. ಇನ್ನೊಂದರ ಬಗ್ಗೆ ಭರವಸೆ ಕೊಡಲಿಲ್ಲ. ಮೊದಲೇ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ ಎಂದಷ್ಟೇ ಹೇಳಿದರು. ಮಕ್ಕಳೆಂದರೆ ಪ್ರಾಣ ಬಿಡುವ ಹುಡುಗಿ ಪುಟ್ಟಿ. ಬೀದಿಯ ಮಕ್ಕಳಿಗೆಲ್ಲ ಹಳೆಯ ಚೌಕಟ್ಟು ತಂದುಕೊಟ್ಟು ಅವರನ್ನು ಮೇಷ್ಟ್ರುಗಳನ್ನಾಗಿ ಮಾಡುತ್ತಿದ್ದವಳು. ಆ ಸುದ್ದಿಯನ್ನು ಅವಳು ಗೋಡೆಯ ಕಡೆ ತಿರುಗಿ ಮಲಗಿಕೊಂಡು ಕೇಳಿದಳು.

ಮೂರನೆಯ ದಿನ ಅತ್ತೆ ಮಂಚದ ಪಕ್ಕ ಕೂತು ಹೇಳಿದಳು. "ಪ್ರತಿ ಸಲ ಕೇಳ್ತಿದ್ನಲ್ಲೇ. ಹೋಯ್ತು ಹೋಯ್ತು ಅಂತಿದ್ದೆಯಲ್ಲ."

"ನೀನು ಕೆಲಸಕ್ಕೆ ಹೊರಟಿರ್ತಿದ್ದೆ, ಅಮ್ಮ."

ಇಬ್ಬರ ನಡುವೆ ಮತ್ತೆ ಆ ಮಾತು ಬಂದದ್ದು ನನಗೆ ಗೊತ್ತಿಲ್ಲ. ಪುಟ್ಟಿ ಎಂದೂ ತಾಯಿಯನ್ನು ದೂರಲಿಲ್ಲ. ಅತ್ತೆಯನ್ನು ಜೀವಂತ ಸುಟ್ಟದ್ದು ಅದೇ.

ಲಾಂಡ್ರಿಗೆ ಮರಳಿದ ಮೇಲೂ ಅತ್ತೆ ಬಟ್ಟೆ ಕಾಯಿಸುವುದನ್ನು ಬಿಡಲಿಲ್ಲ. ಆದರೆ ಕೊಡುವ ಮೊದಲು ಪ್ರಶ್ನೆಗಳ ಸುರಿಮಳೆ. ಎಷ್ಟು ದಿನ ಇರುತ್ತೆ? ಹೋದ ವರ್ಷಕ್ಕಿಂತ ಹೆಚ್ಚಾ? ವಾಂತಿ ಆಗುತ್ತಾ? ನಿಜ ಹೇಳು, ನನ್ನ ಸಮಾಧಾನಕ್ಕೆ ಹೇಳಬೇಡ. ಹೆಂಗಸರಿಗೆ ಅವಳು ಬೇಸರವಾದಳು. ನೋವಿನಲ್ಲಿ ನಿಂತವಳಿಗೆ ಬೇಕಾದದ್ದು ಬಿಸಿ ಬಟ್ಟೆಯೇ ಹೊರತು ವಿಚಾರಣೆಯಲ್ಲವಲ್ಲ. ಕ್ರಮೇಣ ಅವರು ತಂತಮ್ಮ ಬಟ್ಟೆಗಳನ್ನು ತಾವೇ ಕಾಯಿಸಿಕೊಳ್ಳತೊಡಗಿದರು. ಹಾಗಿದ್ದೂ ಮೂವರನ್ನು ಕೈಹಿಡಿದು ಡಾಕ್ಟರಮ್ಮನ ಬಳಿಗೆ ಎಳೆದೊಯ್ದಳೆಂದು ಕೇಳಿದ್ದೇನೆ. ಅವರಲ್ಲಿ ಒಬ್ಬಳು ಇಂದಿಗೂ ಅವಳ ಮೇಲೆ ಮುನಿಸಿಕೊಂಡಿದ್ದಾಳೆ.

ಇಂಥ ತಾಯಂದಿರು, ಅಕ್ಕಂದಿರು, ಅತ್ತೆಯರು ಎಲ್ಲ ಮನೆಗಳಲ್ಲೂ ಇರುತ್ತಾರೆ. ಇವರ ಮಮತೆಗೆ ಕೊರತೆಯಿಲ್ಲ, ಇವರ ಮದ್ದೂ ಸುಳ್ಳಲ್ಲ. ನೋವನ್ನು ಮಲಗಿಸಿ ಮೈಯನ್ನು ಎಬ್ಬಿಸಿ ದುಡಿಮೆಗೆ ಕಳಿಸುವ ವಿದ್ಯೆ ಇವರಿಗೆ ತಾಯಿಯಿಂದ ಬಂದದ್ದು, ತಾಯಿಗೆ ಅವಳ ತಾಯಿಯಿಂದ; ನೋವನ್ನು ಕೂರಿಸಿಕೊಂಡು ಏನಮ್ಮ ನಿನ್ನ ಸಂಗತಿ ಎಂದು ಕೇಳುವಷ್ಟು ಬಿಡುವು ಆ ಸಾಲಿನಲ್ಲಿ ಯಾರಿಗೂ ಸಿಕ್ಕಿದ್ದಿಲ್ಲ. ತಮ್ಮನ್ನು ಯಾರೂ ಕೇಳದ ಪ್ರಶ್ನೆಯನ್ನು ಮಗಳಿಗೆ ಕೇಳಬೇಕೆಂದು ಇವರಿಗೆ ಹೇಗೆ ತೋಚಬೇಕು? ಮೂವತ್ತು ವರ್ಷ ಹನ್ನೆರಡು ಹೆಂಗಸರಿಗೆ ಶಾಖ ಕೊಟ್ಟವಳು ತನ್ನ ಮುಟ್ಟಿನ ದಿನಗಳನ್ನು ಅದೇ ಮೇಜಿನ ಮುಂದೆ ಹೇಗೆ ನಿಂತು ಕಳೆದಳು ಎಂದು ನಾನೂ ಅವಳನ್ನು ಇದುವರೆಗೆ ಕೇಳಿಲ್ಲ.