ಯಜಮಾನನ ಕಂಬಳಿ

ನಾಯಿ ಸತ್ತ ಮರುದಿನ ನನ್ನ ಗಂಡ ಅದರ ಕಂಬಳಿಯನ್ನು ಒಗೆದು, ಒಣಗಿಸಿ, ಅಂಚಿಗೆ ಅಂಚು ಕೂಡಿಸಿ ಮಡಿಸಿ ನನ್ನ ಕೈಗೆ ಕೊಟ್ಟರು. ಜೊತೆಗೆ ಒಂದು ನಗು ಬೇರೆ, ದೊಡ್ಡ ಉಪಕಾರ ಮಾಡಿದವರ ಹಾಗೆ.

ಕಂಬಳಿಯನ್ನು ಮೂಗಿಗೆ ಹಿಡಿದೆ. ಬರೀ ಸೋಪಿನ ವಾಸನೆ. ಊರವರ ಬೆಡ್‌ಶೀಟುಗಳಿಗೆಲ್ಲ ಬರುವ ಅದೇ ವಾಸನೆ. ನನ್ನ ಮೈಯೆಲ್ಲ ಉರಿದುಹೋಯಿತು.

ನಮ್ಮದು ಲಾಂಡ್ರಿ. ಮುಂದೆ ಅಂಗಡಿ, ಹಿಂದೆ ಮಷಿನ್ನುಗಳು, ಮೇಲೆ ಮನೆ. ಗಂಡನ ತಾತನ ಕಾಲದಿಂದ ಈ ಮನೆಯವರಿಗೆ ಕೊಳೆ ಬಟ್ಟೆ ಕಂಡರೆ ಕೈ ಸುಮ್ಮನಿರುವುದಿಲ್ಲ. ನೆಂಟರು ಬಂದು ಕೋಟು ಬಿಚ್ಚಿಟ್ಟರೆ ಸಾಕು, ಅವರು ನೀರು ಕುಡಿದು ಮುಗಿಸುವಷ್ಟರಲ್ಲಿ ಕಾಲರಿನ ಕಲೆ ಮಾಯವಾಗಿರುತ್ತದೆ. ಬೇಡ ಅಂದರೂ ಬಿಡುವವರಲ್ಲ.

ಅಂಥ ಮನೆಗೆ ನಾನು ಮುದಿ ನಾಯಿಯೊಂದನ್ನು ತಂದೆ. ಬಿಟ್ಟುಹೋದ ಪ್ರಾಣಿಗಳನ್ನು ಸಾಕುವ ಕಡೆಗೆ ಹಳೆಯ ಟವೆಲ್ಲುಗಳನ್ನು ಕೊಡಲು ಹೋಗಿದ್ದೆ. ಬಂದವರೆಲ್ಲ ಮರಿಗಳನ್ನು ಮುತ್ತಿಕೊಂಡಿದ್ದರು. ಮೂಲೆಯಲ್ಲಿ ಮೂತಿ ನರೆತ, ಹಿಂಗಾಲು ಎಳೆಯುವ ಇವನೊಬ್ಬ. ಇವನನ್ನು ಯಾಕೆ ಬಿಟ್ಟರು ಎಂದು ಅಲ್ಲಿ ನೋಡಿಕೊಳ್ಳುವಾಕೆಯನ್ನು ಕೇಳಿದೆ.

"ಹೊಸ ಸೋಫಾ ತಗೊಂಡ್ರಂತೆ. ಇವನು ಕೂದಲು ಉದುರಿಸ್ತಾನೆ ಅಂತ ಇಲ್ಲಿ ಬಿಟ್ಟು ಹೋದ್ರು."

ಬದುಕಿಡೀ ಬಾಗಿಲು ಕಾದವನಿಗೆ ಇದು ಮರ್ಯಾದೆ! ಅವರ ಸೋಫಾಕ್ಕೆ ತಿಗಣೆ ಬೀಳಲಿ ಎಂದು ಬಾಯಿತುಂಬ ಶಪಿಸಿ ಇವನನ್ನು ಮನೆಗೆ ಕರೆತಂದೆ.

"ಲಾಂಡ್ರಿಗೆ ಕೂದಲಿನ ಮೂಟೆ ತಂದ್ಯಲ್ಲೇ, ತಾಯಿ!" ಎಂದು ಅತ್ತೆ ಹಣೆ ಚಚ್ಚಿಕೊಂಡರು. ಕೊನೆಯವರೆಗೂ ಅವನನ್ನು 'ಮುದುಕ' ಎಂದೇ ಕರೆದರು.

ಇಸ್ತ್ರಿ ಮೇಜಿನ ಕೆಳಗೆ ಸದಾ ಬೆಚ್ಚಗಿರುತ್ತದೆ. ಬಂದ ದಿನವೇ ಅವನು ಅದನ್ನು ಕಂಡುಕೊಂಡ. ಅಲ್ಲೇ ಕಂಬಳಿ, ಅಲ್ಲೇ ದರ್ಬಾರು. ಬಂದವರನ್ನು ಒಂದೇ ಕಣ್ಣು ತೆರೆದು ನೋಡುವ ಗತ್ತಿಗೆ ನಾನು ಯಜಮಾನ ಎಂದು ಹೆಸರಿಟ್ಟೆ. ಗಿರಾಕಿಗಳು "ಯಜಮಾನ್ರು ಇದಾರಾ?" ಅಂದರೆ, "ಯಾವ ಯಜಮಾನ್ರು? ದುಡಿಯೋರಾ, ಮಲಗಿರೋರಾ?" ಎನ್ನುತ್ತಿದ್ದೆ. ಇವರೂ ನಗುತ್ತಿದ್ದರು. ನಾನು ಇಸ್ತ್ರಿ ಮಾಡುವಾಗ ಅವನು ಗದ್ದವನ್ನು ನನ್ನ ಪಾದದ ಮೇಲಿಟ್ಟು ಮಲಗುತ್ತಿದ್ದ. ಪಾದ ಜೋಮು ಹಿಡಿದರೂ ನಾನು ಕದಲುತ್ತಿರಲಿಲ್ಲ.

ಒಮ್ಮೆ ಕಂಬಳಿ ಒಗೆದದ್ದಕ್ಕೆ ವಾಸನೆಯ ಗುರುತು ಸಿಗದೆ, ಅದರ ಮೇಲೆ ಮಲಗದೆ, ಅದನ್ನೇ ಹುಡುಕುತ್ತ ಕುಂಯ್‌ಗುಟ್ಟಿ ಅಂಗಡಿಯೆಲ್ಲ ಸುತ್ತಿದ್ದ. ಅಂದಿನಿಂದ ಅದನ್ನು ಯಾರೂ ಮುಟ್ಟಕೂಡದೆಂದು ನಾನು ಕಟ್ಟಪ್ಪಣೆ ಮಾಡಿದ್ದೆ. ನಮ್ಮ ಇಡೀ ಕಟ್ಟಡದಲ್ಲಿ ಒಗೆಯದೆ ಉಳಿದಿದ್ದ ಬಟ್ಟೆ ಅದೊಂದೇ.

ಎರಡು ವರ್ಷವೂ ತುಂಬಲಿಲ್ಲ, ಅದರ ಮೇಲೆ ಮಲಗಿದಲ್ಲೇ ಹೋದ. ಕೂಡಲೇ ಬೀದಿಯ ಬಾಯಿಗಳು ತೆರೆದುಕೊಂಡವು. "ವಯಸ್ಸಾಗಿತ್ತು ಬಿಡಿ" ಅಂದರು ಒಬ್ಬರು. "ಒಂದು ಮರಿ ತಂದ್ಕೊಳ್ಳಿ" ಅಂದರು ಇನ್ನೊಬ್ಬರು. ವಯಸ್ಸಾದವರು ಸತ್ತರೆ ಅಳಬಾರದೆಂದು ಯಾವ ಕಾನೂನಿದೆ? ಅವನೇನು ಒಡೆದ ಲೋಟವೇ, ಬೇರೆ ತಂದಿಡಲು? ಇವರೆಲ್ಲರ ಮಾತು ನುಂಗಿಕೊಂಡದ್ದು ಕಂಬಳಿಯಾದರೂ ಇದೆ ಎಂಬ ಧೈರ್ಯದಿಂದ. ಈಗ ಅದೂ ಇಲ್ಲ.

"ಯಾರನ್ನ ಕೇಳಿ ಒಗೆದ್ರಿ?" ಎಂದೆ.

"ವಾಸನೆ ಹೊಡೀತಿತ್ತು ಕಣೇ. ಕಣ್ಣಿಗೆ ಬಿದ್ರೆ ಮತ್ತೆ ಅಳ್ತೀಯ ಅಂತ..."

"ಆ ವಾಸನೇಲಿ ಅವನಿದ್ದ! ಮಿಕ್ಕಿದ್ದು ಅಷ್ಟೇ. ಅದನ್ನೂ ಮೋರಿಗೆ ಬಿಟ್ರಲ್ಲ!"

"ಒಂದು ನಾಯಿ ಕಂಬಳಿಗೆ ಇಷ್ಟು ರಾದ್ಧಾಂತನಾ?" ಇವರ ದನಿಯೂ ಏರಿತು. "ಅಮ್ಮಾ, ನೀನಾದ್ರೂ ಹೇಳು ಇವಳಿಗೆ."

ಅತ್ತೆ ಮೆಟ್ಟಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ನನಗಿನ್ನು ಸರಿಯಾಗಿ ಬೀಳುತ್ತದೆ ಅಂದುಕೊಂಡೆ. ಅವರು ಬಂದು ನಿಂತದ್ದು ಮಗನ ಎದುರಿಗೆ.

"ನಿಮ್ಮಪ್ಪ ಸತ್ತ ದಿನ ನಿಮ್ಮಜ್ಜಿ ಏನು ಮಾಡಿದ್ರು ಗೊತ್ತೇನೋ? ಅವರನ್ನ ಮಣ್ಣು ಮಾಡಿ ಬರೋಷ್ಟರಲ್ಲಿ ಅಂಗಿ, ಹೊದಿಕೆ, ದಿಂಬಿನ ಚೀಲ ಎಲ್ಲ ಒಗೆದು ಹಗ್ಗಕ್ಕೆ ಹಾಕಿದ್ರು. ನನ್ನನ್ನ ಒಂದು ಮಾತು ಕೇಳ್ಲಿಲ್ಲ. ಸಾಲಾಗಿ ತೂಗ್ತಿದ್ದ ಅಂಗಿಗಳನ್ನ ಒಂದೊಂದಾಗಿ ಮೂಸಿದೆ. ಯಾವುದರಲ್ಲೂ ಅವರಿರ್ಲಿಲ್ಲ."

ಇವರ ಮುಖ ಸಣ್ಣದಾಯಿತು. "ಯಾಕಮ್ಮ ಇಷ್ಟು ವರ್ಷ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲೋ? ಬಂದೋರೆಲ್ಲ, ಆಹಾ, ಎಷ್ಟು ಬೆಳ್ಳಗೆ ಒಗೆದಿದಾರೆ ಅಂತ ಹೊಗಳ್ತಿದ್ರು!"

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮಿಬ್ಬರಿಗೂ ಅಂದು ಒಟ್ಟಿಗೇ ಬಂದಿತ್ತು. ನನ್ನ ಸಿಟ್ಟೇನೂ ಇಳಿಯಲಿಲ್ಲ. ನಾನು ಕಂಡೇ ಇರದ ಆ ಅಂಗಿಗಳಿಗಾಗಿಯೂ ಸೇರಿ ಇಮ್ಮಡಿಯಾಯಿತು.

ಅತ್ತೆ ನನ್ನ ಕೈಯಿಂದ ಕಂಬಳಿ ತೆಗೆದುಕೊಂಡು, ಮಡಿಕೆ ಬಿಡಿಸಿ, ಮೂಗಿಗೆ ಹಿಡಿದು ಬಹಳ ಹೊತ್ತು ನಿಂತರು.

"ಮುದುಕ ಇಲ್ಲ ಇದ್ರಲ್ಲಿ" ಅಂದರು. ಆಮೇಲೆ ಮಗನ ಕಡೆ ತಿರುಗಿ ಬೆರಳೆತ್ತಿದರು.

"ನಾಳೆ ನಾನು ಸತ್ತಾಗ ನನ್ನ ಹೊದಿಕೆ ಮುಟ್ಟೀಯ, ಜೋಕೆ! ಅದನ್ನ ಹೇಗಿದ್ಯೋ ಹಾಗೇ ಇವಳ ಕೈಗೆ ಕೊಡ್ಬೇಕು."