ತೊಳೆದ ತಟ್ಟೆಗೆ ಬಿಸಿ ನೀರಿಲ್ಲ

ತಮ್ಮ ಬೆಳಗ್ಗೆಯೇ ಚಳಿ ಅಂದ. ಫ್ಯಾನು ಜೋರಾಗಿದೆ ಅಂತ ನಾನೇ ಸಮಾಧಾನ ಹೇಳಿ, ಫ್ಯಾನು ಆರಿಸಿ, ಬಿಸಿನೀರು ಕೊಡಲು ಹೋದೆ. ಅವನ ಲೋಟ ಪಾತ್ರೆ ತೊಳೆಯುವ ಮಷೀನಿನಲ್ಲಿತ್ತು. ಅದು ಆಗಷ್ಟೇ ನಿಂತಿತ್ತು. ಧೂಳು ಕೂತೀತೆಂದು ನಾವು ಅದರ ಬಾಗಿಲನ್ನು ಊಟದ ಹೊತ್ತಿನವರೆಗೆ ತೆರೆಯುತ್ತಲೇ ಇರಲಿಲ್ಲ. ಅವತ್ತು ತೆರೆದೆ. ಹಬೆ ಬರಲಿಲ್ಲ. ಲೋಟ ಮುಟ್ಟಿದೆ. ಉಗುರುಬೆಚ್ಚಗೂ ಇರಲಿಲ್ಲ.

ನನ್ನ ಒಂದು ಕಿಡ್ನಿ ತಮ್ಮನ ಹೊಟ್ಟೆ ಸೇರಿ ಅರವತ್ತನಾಲ್ಕು ದಿನವಾಗಿತ್ತು. ಆಸ್ಪತ್ರೆಯಿಂದ ಕಳಿಸುವಾಗ ನರ್ಸಮ್ಮ ಎರಡು ಮಾತು ಹೇಳಿದ್ದರು. ಅವನು ಉಣ್ಣುವ ಪಾತ್ರೆಗಳನ್ನು ಎಪ್ಪತ್ತು ಡಿಗ್ರಿ ನೀರಿನಲ್ಲಿ ತೊಳೆಯಬೇಕು. ಮೈಬಿಸಿ ನೂರು ದಾಟಿದರೆ ಹೊತ್ತುಗೊತ್ತು ನೋಡದೆ ಕರೆದುಕೊಂಡು ಬರಬೇಕು. ಸೋಂಕು ತಗುಲಿದರೆ ಕೊಟ್ಟದ್ದೂ ಹೋಗುತ್ತದೆ, ಪಡೆದವನೂ ಅಂತ ಶುರುಮಾಡಿ ಅಲ್ಲಿಗೇ ನಿಲ್ಲಿಸಿದ್ದರು. ನಿಂತ ಆ ಮಾತು ನಮ್ಮ ಜೊತೆಗೇ ಮನೆಗೆ ಬಂದು ಕೂತಿತ್ತು.

ತಮ್ಮನ ಹೆಂಡತಿಯನ್ನು ಕೂಗಿದೆ. ಅಡುಗೆಮನೆಯ ಥರ್ಮಾಮೀಟರು ತಂದಳು. ಮಷೀನನ್ನು ಮತ್ತೊಮ್ಮೆ ಓಡಿಸಿ, ನಡುವೆ ನಿಲ್ಲಿಸಿ, ತಳದ ನೀರಿಗೆ ಅದ್ದಿದೆವು. ನಲವತ್ತೆರಡು. ಇನ್ನೊಮ್ಮೆ ನೋಡಿದೆವು. ನಲವತ್ತೊಂದು. ಎಷ್ಟು ದಿನದಿಂದ ಹೀಗೆ? ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

ರಿಪೇರಿಯವರಿಗೆ ಫೋನು ಮಾಡಿದೆವು. ಜಾಲರಿ ತೆಗೆದು ತೊಳೆಯಿರಿ, ನಲ್ಲಿ ಪೂರ್ತಿ ತೆರೆದಿದೆಯಾ ನೋಡಿ, ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು ಹಾಕಿ ಅಂದರು. ಹೇಳಿದ್ದನ್ನೆಲ್ಲ ಮಾಡಿದೆವು. ನೀರು ನಲವತ್ತರ ಆಸುಪಾಸಿನಿಂದ ಕದಲಲಿಲ್ಲ. ಈ ನಡುವೆ ಎರಡು ಸಲ ತಮ್ಮನ ಕೋಣೆಗೆ ಇಣುಕಿದೆ. ಮೊದಲ ಸಲ ಒಂದು ಕಂಬಳಿ ಹೊದ್ದಿದ್ದ, ಎರಡನೇ ಸಲ ಎರಡು. ಮೂರನೇ ಸಲ ಇಣುಕಲಿಲ್ಲ. ದೇವರ ಹೆಸರು ಹೇಳಿಕೊಳ್ಳುತ್ತ ಜಾಲರಿಯನ್ನೇ ಇನ್ನೊಮ್ಮೆ ಉಜ್ಜಿದೆ.

ಮಧ್ಯಾಹ್ನ ರಿಪೇರಿಯವರು ಬಂದರು. ಕನ್ನಡಕಕ್ಕೆ ದಾರ ಕಟ್ಟಿಕೊಂಡ, ನಿಧಾನದ ಮನುಷ್ಯ. ಮಷೀನನ್ನು ಗೋಡೆಯಿಂದ ಎಳೆದು, ಹಿಂದಿನ ತಗಡು ಬಿಚ್ಚಿ, ಹೀಟರಿಗೆ ಮೀಟರು ಹಿಡಿದು ನೋಡಿದರು. ಹೀಟರು ಚೆನ್ನಾಗಿತ್ತು. ವೈರುಗಳೂ ಚೆನ್ನಾಗಿದ್ದವು. ಕೊನೆಗೆ, ದಿನಾ ಪಾತ್ರೆ ಹೇಗೆ ಜೋಡಿಸುತ್ತೀರೋ ಹಾಗೇ ಜೋಡಿಸಿ ತೋರಿಸಿ ಅಂದರು.

ತಮ್ಮನ ಹೆಂಡತಿ ಊಟದ ತಟ್ಟೆಗಳನ್ನು ಸಿಂಕಿಗೆ ಹಾಕಿದಳು. ಸೋಪು ಹಚ್ಚಿ ಉಜ್ಜಿದಳು, ಎರಡು ನೀರಿನಲ್ಲಿ ಜಾಲಿಸಿದಳು, ಬೆಳಕಿಗೆ ಹಿಡಿದು ನೋಡಿದಳು, ಆಮೇಲೆ ಒಂದೊಂದಾಗಿ ಮಷೀನಿನೊಳಗಿಟ್ಟಳು. ಅವರು ಗಲ್ಲಕ್ಕೆ ಕೈಕೊಟ್ಟು ನೋಡುತ್ತಿದ್ದರು.

“ಕಾಯಿಲೆ ಮಷೀನಿಗಲ್ಲಮ್ಮ,” ಅಂದರು. “ನೀವು ಒತ್ತೋ ಈ ಗುಂಡೀಲಿ ಇದು ಮೊದಲ ನೀರು ಎಷ್ಟು ಕೊಳೆಯಾಯ್ತು ಅಂತ ನೋಡುತ್ತೆ. ಕೊಳೆ ಕಾಣದಿದ್ರೆ ಬಿಸಿ ಯಾಕೆ ದಂಡ ಅಂತ ಸುಮ್ಮನಾಗುತ್ತೆ. ಸ್ನಾನ ಮಾಡಿಸಿದ ಮಗೂನ ತಂದು ಮತ್ತೆ ಬಚ್ಚಲಿಗೆ ಬಿಟ್ರೆ ಅದಾದ್ರೂ ಏನು ಮಾಡುತ್ತೆ?”

“ಎಂಜಲು ತಟ್ಟೆ ಹಾಗೇ ಇಡೋದಾ? ಅವರು ಉಣ್ಣೋದನ್ನ?” ಅಂದಳು ಅವಳು.

ಅಗುಳು ಕೊಡವಿ ಹಾಗೇ ಇಡಿ, ಕೊನೆಯ ಗುಂಡಿ ಒತ್ತಿ, ಅದರಲ್ಲಿ ಏನೇ ಆದರೂ ಎಪ್ಪತ್ತಕ್ಕೆ ಏರುತ್ತದೆ ಅಂದರು. ತಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ದಿನದಿಂದ ನಾವು ಹೆದರಿದಷ್ಟೂ ಉಜ್ಜಿದ್ದೆವು. ಉಜ್ಜಿದಷ್ಟೂ ಅದು ತಣ್ಣಗಾಗಿತ್ತು.

ಒಲೆಯ ಮೇಲಿದ್ದ ಜಿಡ್ಡಿನ ಬಾಣಲೆಯನ್ನು ಅವರೇ ಒಳಗಿಟ್ಟು ಗುಂಡಿ ಒತ್ತಿದರು. ಅರ್ಧ ಗಂಟೆ ಬಿಟ್ಟು ಥರ್ಮಾಮೀಟರು ಅದ್ದಿದೆ. ಎಪ್ಪತ್ತೊಂದು. ಹಬೆಗೆ ಅವರ ಕನ್ನಡಕ ಮಂಜಾಯಿತು. ನಾನು ನಕ್ಕೆ. ತಮ್ಮನ ಹೆಂಡತಿ ನಗಲಿಲ್ಲ.

“ಬೆಳಗ್ಗೆಯಿಂದ ಇದರ ಬಿಸಿ ಆರು ಸಲ ನೋಡಿದ್ವಿ, ಅಕ್ಕ,” ಅಂದಳು. “ಅವರದ್ದು ಒಂದು ಸಲವೂ ನೋಡಿಲ್ಲ.”

ನನಗೆ ಅದು ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಅದಕ್ಕೇ ಇಬ್ಬರೂ ಮಷೀನಿನ ಮುಂದೆ ಮಂಡಿಯೂರಿ ಕೂತಿದ್ದೆವು.

ಕೋಣೆಯಲ್ಲಿ ತಮ್ಮ ಗೋಡೆ ಕಡೆ ತಿರುಗಿ ಮಲಗಿದ್ದ. ರಿಪೇರಿಯವರು ಹೋಗುವ ಮುಂಚೆ ನನ್ನನ್ನೂ ತೋರಿಸಿಬಿಡು ಅಂತ ನಗಿಸಲು ನೋಡಿದ. ಹಲ್ಲು ಕಟಕಟ ಅನ್ನುತ್ತಿದ್ದವು. ಜ್ವರದ ಕಡ್ಡಿ ಅವನ ದಿಂಬಿನ ಕೆಳಗೇ ಇತ್ತು. ಬೆಳಗ್ಗೆ ತೊಂಬತ್ತೊಂಬತ್ತೂವರೆ ಇತ್ತಂತೆ. ನನ್ನ ಮುಖ ನೋಡಿ ಹೇಳಲಿಲ್ಲವಂತೆ. ಈಗ ಇಟ್ಟರೆ ನೂರಾ ಒಂದೂವರೆ.

ನರ್ಸಮ್ಮ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದರು, ಯಾವಾಗಿನಿಂದ ಅಂತ. ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, ಬೆಳಗ್ಗೆಯಿಂದ ಅಂದೆ. ಬಯ್ದಿದ್ದರೂ ಆಗುತ್ತಿತ್ತು. “ಈಗಲೇ ಹೊರಡಿ,” ಅಂದರು.

ರಿಪೇರಿಯವರು ಸಾಮಾನುಗಳನ್ನು ನೆಲದ ಮೇಲೇ ಬಿಟ್ಟು, ತಮ್ಮದೇ ವ್ಯಾನಿನ ಹಿಂಬದಿ ಖಾಲಿ ಮಾಡಿದರು. ಪೈಪುಗಳ ನಡುವೆ ಹಾಸಿಗೆ ಹಾಕಿ ತಮ್ಮನನ್ನು ಮಲಗಿಸಿದೆವು. ಅವನ ಹೆಂಡತಿ ತಲೆಯ ಬಳಿ ಕೂತಳು, ನಾನು ಕೈ ಹಿಡಿದೆ. ಕೈ ಕೆಂಡದಂತಿತ್ತು.

“ಹೆದರಿದ್ದೀಯಾ ಅಕ್ಕ?” ಅಂದ.

ಆಪರೇಷನ್ನಿನ ಮೇಜಿನ ಮೇಲೂ ಇಲ್ಲ ಅಂದಿದ್ದವಳು ನಾನು. ಈ ಸಲ ಹೂಂ ಅಂದೆ.

“ನಾನೂ,” ಅಂದ ತಮ್ಮ. ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ. ವ್ಯಾನು ತಿರುವಿಗೆ ಬಂದು, ನಿಲ್ಲದೆ, ಹಾರನ್ನು ಒತ್ತುತ್ತಲೇ ಮುಂದೆ ಹೋಯಿತು.